ಮರಿನಾಯಿಯ ಗೂಡಿನ ಬಾಗಿಲು ತೆರೆದಿಡುವ ದಿನ ಯಾವುದು?

ಪುಣೆಯ ಫ್ಲ್ಯಾಟುಗಳಲ್ಲಿ ನಾಯಿ ಸಾಕಿರುವ ಕನ್ನಡಿಗ ಕುಟುಂಬಗಳ ಮುಂದಿರುವ ಪ್ರಶ್ನೆ

ಪುಣೆ: ಊರಿನ ಮನೆಯಲ್ಲಿ ನಾಯಿ ಎಲ್ಲಿರಬೇಕೆಂದು ಯಾರೂ ಕುಳಿತು ಚರ್ಚಿಸಿದವರಲ್ಲ. ಕರಾವಳಿಯ ಕಡೆ ಹಗಲು ಅಂಗಳದ ಮೂಲೆಯ ಗೂಡಿನಲ್ಲಿ ಕೂಡಿ, ರಾತ್ರಿ ತೋಟಕ್ಕೆ ಬಿಡುವುದು ಅನೇಕ ಮನೆಗಳ ಪದ್ಧತಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಗೆ ಕಟ್ಟೆಯ ಮೇಲೋ ದನದ ಕೊಟ್ಟಿಗೆಯ ಬಾಗಿಲಲ್ಲೋ ಮಲಗಿದ್ದು, ಹೊಲಕ್ಕೆ ಹೊರಟವರ ಹಿಂದೆ ಹೋಗಿ ಬರುವುದು ಅದರ ದಿನಚರಿ. ಎರಡೂ ಕಡೆಯ ಮನೆಗಳಲ್ಲಿ ಒಂದು ಸಂಗತಿ ಮಾತ್ರ ಸಮಾನವಾಗಿತ್ತು. ಮನೆ ಎಂದೂ ಖಾಲಿ ಇರುತ್ತಿರಲಿಲ್ಲ. ಅಜ್ಜಿಯೋ, ಬಾಣಂತಿಯೋ, ಶಾಲೆ ಬಿಟ್ಟು ಬಂದ ಮಕ್ಕಳೋ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಮರಿನಾಯಿ ಚಪ್ಪಲಿ ಕಚ್ಚಿದರೆ ಗದರಿಸಲು, ಮಳೆ ಬಂದರೆ ಒಳಗೆ ಕರೆಯಲು ಒಬ್ಬರಿದ್ದರು.

ಪುಣೆಗೆ ಬಂದು ನೆಲೆಸಿದ ನಮ್ಮವರ ಮನೆಗಳ ಸ್ಥಿತಿ ಹಾಗಿಲ್ಲ. ಕೋಥ್ರೂಡ್, ಕರ್ವೆ ನಗರ, ಹಡಪ್ಸರ್, ವಾಕಡ್, ಪಿಂಪ್ರಿ-ಚಿಂಚ್‌ವಡ್ ಎಂದು ಹರಡಿಕೊಂಡಿರುವ ಕುಟುಂಬಗಳಲ್ಲಿ ಗಂಡ ಹಿಂಜವಡಿಗೆ, ಹೆಂಡತಿ ಖರಾಡಿಗೆ ಅಥವಾ ಕ್ಯಾಂಪಿಗೆ ಹೊರಡುತ್ತಾರೆ. ಮಕ್ಕಳಿಗೆ ಶಾಲೆ, ಅದು ಮುಗಿದರೆ ಕ್ಲಾಸು. ಹಿರಿಯರು ಊರಿನಿಂದ ಬಂದರೂ ಎರಡು ಮೂರು ತಿಂಗಳು ಇದ್ದು ಹಿಂದಿರುಗುತ್ತಾರೆ. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಯಿಂದಲೇ ಕೆಲಸವಿದ್ದಾಗ ಮರಿ ತಂದವರು ಅನೇಕರು. ಮುಂದೆ ಕಚೇರಿಗಳು ತೆರೆದಾಗ, ಅದುವರೆಗೆ ಒಂದು ಗಳಿಗೆಯೂ ಒಂಟಿಯಾಗಿರದ ನಾಯಿಗಳು ಒಮ್ಮೆಗೇ ಬೀಗ ಹಾಕಿದ ಮನೆಯಲ್ಲಿ ಉಳಿದವು. ಅಂದಿನಿಂದ ತಂತಿಯ ಗೂಡು, ಅಂದರೆ ಅಂಗಡಿಯವರು ಕ್ರೇಟ್ ಎಂದು ಮಾರುವ ಆ ಪೆಟ್ಟಿಗೆ, ಫ್ಲ್ಯಾಟಿನ ಹಾಲ್‌ನಲ್ಲಿ ಸೋಫಾದ ಪಕ್ಕ ಜಾಗ ಪಡೆದಿದೆ.

ಹಾಗಾದರೆ ಮರಿ ದೊಡ್ಡದಾಗುತ್ತಿದ್ದಂತೆ ಗೂಡಿಲ್ಲದೆ ಅದನ್ನು ಮನೆಯಲ್ಲಿ ಬಿಟ್ಟು ಹೋಗುವುದು ಯಾವಾಗ? ಆರು ತಿಂಗಳಿಗೆ ಎನ್ನುವವರಿದ್ದಾರೆ, ಒಂದು ವರ್ಷ ಎನ್ನುವವರಿದ್ದಾರೆ, ಎಂದಿಗೂ ಬೇಡ ಎನ್ನುವವರೂ ಇದ್ದಾರೆ. ಈ ಪ್ರಶ್ನೆಗೆ ಉತ್ತರ ಕ್ಯಾಲೆಂಡರಿನಲ್ಲಿಲ್ಲ. ನಾಯಿಯ ದಿನದಿನದ ನಡವಳಿಕೆಯಲ್ಲಿದೆ, ಹಾಗೆಯೇ ಮನೆಯವರು ಹೊರಗಿರುವ ಗಂಟೆಗಳಲ್ಲಿದೆ.

ಗೂಡು ಶಿಕ್ಷೆಯ ಜಾಗವಲ್ಲ

ಗೂಡಿನ ಉಪಯೋಗ ಎರಡು. ಒಂದು, ಮರಿ ಮಲಮೂತ್ರದ ಶಿಸ್ತು ಕಲಿಯುವುದು. ತಾನು ಮಲಗುವ ಜಾಗವನ್ನು ಗಲೀಜು ಮಾಡದಿರುವುದು ನಾಯಿಯ ಸಹಜ ಸ್ವಭಾವ. ಆದ್ದರಿಂದ ಗೂಡಿನಲ್ಲಿದ್ದಾಗ ಅದು ತಡೆದುಕೊಳ್ಳುತ್ತದೆ, ಹೊರಗೆ ಕರೆದೊಯ್ದಾಗ ಮುಗಿಸುತ್ತದೆ. ಎರಡು, ಕಣ್ಣು ತಪ್ಪಿದ ಹೊತ್ತಿನಲ್ಲಿ ವಯರು, ಔಷಧಿ, ಸಾಕ್ಸ್ ಇತ್ಯಾದಿಗಳಿಗೆ ಬಾಯಿ ಹಾಕದಂತೆ ರಕ್ಷಣೆ. ಇವೆರಡೂ ಕೆಲಸ ಮುಗಿದ ಮೇಲೆ ಗೂಡಿಗೆ ಬೀಗ ಬೇಕಿಲ್ಲ.

ಗೂಡಿನೊಳಗೆ ನಾಯಿ ತಲೆ ಬಗ್ಗಿಸದೆ ನಿಲ್ಲಬೇಕು, ಒಂದು ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಲ್ಯಾಬ್ರಡಾರ್ ಮರಿಗೆ ಎರಡು ತಿಂಗಳಿಗೆ ತಂದ ಗೂಡು ಆರು ತಿಂಗಳಿಗೆ ಸಾಲುವುದಿಲ್ಲ. ಒಳಗೆ ಬಿಡುವಾಗ ಕೊರಳ ಪಟ್ಟಿ ತೆಗೆಯಬೇಕು, ಏಕೆಂದರೆ ಅದು ತಂತಿಗೆ ಸಿಕ್ಕಿಹಾಕಿಕೊಂಡರೆ ಬಿಡಿಸಲು ಮನೆಯಲ್ಲಿ ಯಾರೂ ಇರುವುದಿಲ್ಲ. ತಪ್ಪು ಮಾಡಿದಾಗ ಗದರಿಸಿ ಒಳಗೆ ತಳ್ಳಿದರೆ ಗೂಡೆಂದರೆ ಜೈಲು ಎಂದು ನಾಯಿ ತಿಳಿಯುತ್ತದೆ. ಊಟ, ಆಟದ ಸಾಮಾನು, ಹಳೆಯ ಚಾದರ ಎಲ್ಲವೂ ಅಲ್ಲೇ ಸಿಕ್ಕಿದರೆ ತಾನಾಗಿಯೇ ಹೋಗಿ ಮಲಗುತ್ತದೆ. ಬಾಗಿಲು ತೆರೆದಿದ್ದಾಗಲೂ ನಾಯಿ ಗೂಡಿಗೇ ಹೋಗಿ ಮಲಗತೊಡಗಿದರೆ, ಮುಂದಿನ ಹೆಜ್ಜೆಗೆ ಅದು ಸಿದ್ಧವಾಗುತ್ತಿದೆ ಎಂಬುದರ ಮೊದಲ ಲಕ್ಷಣ ಅದು.

ಗಂಟೆಗಳ ಲೆಕ್ಕ

ಮರಿ ಎಷ್ಟು ಹೊತ್ತು ಮೂತ್ರ ತಡೆದುಕೊಳ್ಳಬಲ್ಲದು ಎಂಬುದಕ್ಕೆ ಸಾಕುವವರಲ್ಲಿ ಒಂದು ಸ್ಥೂಲ ಲೆಕ್ಕ ರೂಢಿಯಲ್ಲಿದೆ. ಎಷ್ಟು ತಿಂಗಳ ಮರಿಯೋ ಹಗಲಿನಲ್ಲಿ ಸುಮಾರು ಅಷ್ಟು ಗಂಟೆ, ಹೆಚ್ಚೆಂದರೆ ಅದರ ಮೇಲೆ ಒಂದು. ಎರಡು ತಿಂಗಳ ಮರಿಗೆ ಎರಡು ಗಂಟೆ, ನಾಲ್ಕು ತಿಂಗಳಿನದಕ್ಕೆ ನಾಲ್ಕು ಗಂಟೆ. ಹಾಗೆಂದು ಒಂಬತ್ತು ತಿಂಗಳಾದರೆ ಒಂಬತ್ತು ಗಂಟೆ ಕೂಡಿಹಾಕಬಹುದು ಎಂದು ಅರ್ಥವಲ್ಲ. ತಡೆದುಕೊಳ್ಳುವ ಶಕ್ತಿ ಬೇರೆ, ಅಷ್ಟು ಹೊತ್ತು ತಡೆದುಕೊಳ್ಳುವಂತೆ ಮಾಡುವುದು ಬೇರೆ.

ಇಲ್ಲೇ ಪುಣೆಯ ಸಂಸಾರಗಳ ಲೆಕ್ಕ ತಾಳೆಯಾಗುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಒಬ್ಬರು, ಒಂಬತ್ತೂಕಾಲಿಗೆ ಇನ್ನೊಬ್ಬರು ಹೊರಟು ಸಂಜೆ ಆರೂವರೆಗೆ ಮೊದಲಿನವರು ಮರಳಿದರು ಎಂದಿಟ್ಟುಕೊಂಡರೆ ಒಂಬತ್ತು ಗಂಟೆಗಿಂತ ಹೆಚ್ಚಾಯಿತು. ಹಿಂಜವಡಿಯ ರಸ್ತೆಯಲ್ಲಿ ಸಂಜೆಯ ಟ್ರಾಫಿಕ್ ಕೈಕೊಟ್ಟರೆ ಹತ್ತಾಯಿತು. ರಾತ್ರಿಯೂ ಗೂಡಿನಲ್ಲೇ ಮಲಗಿಸುವ ಮನೆಯಾದರೆ ಇನ್ನು ಏಳು ಗಂಟೆ ಸೇರಿಸಬೇಕು. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹದಿನಾರು ಹದಿನೇಳು ಗಂಟೆ ಬೆಳೆಯುವ ನಾಯಿಯೊಂದು ಪೆಟ್ಟಿಗೆಯಲ್ಲಿ ಕಳೆಯಿತು ಎಂದಾಗುತ್ತದೆ. ಇಂತಹ ಮನೆಗಳಲ್ಲಿ ಸಂಜೆ ಗೂಡು ತೆರೆದ ಕೂಡಲೇ ನಾಯಿ ಹುಚ್ಚೆದ್ದಂತೆ ಓಡಾಡಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಮನೆಯವರು ಅದನ್ನು ನೋಡಿ "ಇದಕ್ಕಿನ್ನೂ ಬುದ್ಧಿ ಬಂದಿಲ್ಲ, ಇನ್ನೂ ಆರು ತಿಂಗಳು ಗೂಡಿನಲ್ಲೇ ಇರಲಿ" ಎಂದು ತೀರ್ಮಾನಿಸುತ್ತಾರೆ. ಅದು ಬುದ್ಧಿಯ ಕೊರತೆಯಲ್ಲ, ಕೈಕಾಲು ಆಡಿಸಲು ಸಿಗದ ಕೊರತೆ.

ಹೊರದೇಶಗಳಲ್ಲಿಯೂ ಈ ವಿಷಯದಲ್ಲಿ ಒಂದೇ ಅಭಿಪ್ರಾಯವಿಲ್ಲ. ಅಮೆರಿಕದಲ್ಲಿ ಮರಿಯನ್ನು ಗೂಡಿಗೆ ಒಗ್ಗಿಸುವುದು ಸರ್ವೇಸಾಮಾನ್ಯ. ಸ್ವೀಡನ್ ದೇಶದ ನಿಯಮದಂತೆ ಹಗಲಿನಲ್ಲಿ ಕನಿಷ್ಠ ಆರು ಗಂಟೆಗೊಮ್ಮೆಯಾದರೂ ನಾಯಿಯನ್ನು ಹೊರಗೆ ಒಯ್ಯಲೇಬೇಕು. ನಮ್ಮಲ್ಲಿ ಇಂತಿಷ್ಟು ಗಂಟೆ ಎಂಬ ಲೆಕ್ಕ ಕಾನೂನಿನಲ್ಲಿಲ್ಲ. ಆದರೆ ಕಾನೂನೇ ಇಲ್ಲವೆಂದು ತಿಳಿಯಬಾರದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಪ್ರಾಣಿ ಸಾಕಷ್ಟು ಅಲುಗಾಡಲು ಅವಕಾಶವಿಲ್ಲದ ಪಂಜರದಲ್ಲಿ ಅದನ್ನು ಇಡುವುದು ಅಪರಾಧ. ರೂಢಿಯಾಗಿ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದು ಕೂಡ ಅದೇ ಕಲಮಿನಡಿ ಮಾಲೀಕನ ಅಪರಾಧವೇ. ದಂಡದ ಮೊತ್ತ ಅತ್ಯಲ್ಪ. ಆದರೆ ನಾಯಿಯ ವ್ಯಾಯಾಮದ ವಿಷಯವನ್ನು ಅರವತ್ತು ವರ್ಷಗಳ ಹಿಂದೆಯೇ ಕಾಯ್ದೆಯಲ್ಲಿ ಬರೆದಿಟ್ಟಿದ್ದಾರೆ ಎಂಬುದು ಗಮನಿಸಬೇಕಾದ ಅಂಶ.

ವಯಸ್ಸೊಂದೇ ಅಳತೆಯಲ್ಲ

ಮರಿಯ ಹಾಲುಹಲ್ಲು ನಾಲ್ಕರಿಂದ ಆರು ತಿಂಗಳ ನಡುವೆ ಬಿದ್ದು ಶಾಶ್ವತ ಹಲ್ಲು ಬರುತ್ತದೆ. ಆ ಸಮಯದಲ್ಲಿ ಒಸಡು ತುರಿಸುವುದರಿಂದ ಕಂಡದ್ದನ್ನೆಲ್ಲ ಕಡಿಯುತ್ತದೆ. ಏಳು ತಿಂಗಳಿಗೆ ಹಲ್ಲು ಪೂರ್ತಿ ಬಂದರೂ ಕಡಿಯುವ ಚಟ ಒಂದು ವರ್ಷದವರೆಗೆ, ಕೆಲವದಕ್ಕೆ ಅದಕ್ಕೂ ಮೇಲೆ ಇರುತ್ತದೆ. ದೊಡ್ಡ ಜಾತಿಯ ನಾಯಿಗಳು ಪ್ರಾಯಕ್ಕೆ ಬಂದು ನೆಲೆಗೊಳ್ಳಲು ಎರಡು ವರ್ಷ ಹಿಡಿಯುವುದೂ ಉಂಟು.

ಇನ್ನೊಂದು ಸಂಗತಿ ಅನೇಕರ ಅನುಭವಕ್ಕೆ ಬಂದಿರಬಹುದು. ಐದು ತಿಂಗಳಲ್ಲಿ ಕೂರು ಎಂದರೆ ಕೂರುತ್ತಿದ್ದ ಮರಿ ಎಂಟು ತಿಂಗಳಿಗೆ ಕೇಳಿಸದಂತೆ ನಟಿಸುತ್ತದೆ. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದೇ ಕಂಡುಬಂತು. ಅಂಧರಿಗೆ ದಾರಿ ತೋರಲು ತರಬೇತಿ ಪಡೆಯುತ್ತಿದ್ದ ನಾಯಿಗಳು ಐದು ತಿಂಗಳಿಗಿಂತ ಎಂಟು ತಿಂಗಳಲ್ಲಿ ಸಾಕಿದವರ ಮಾತನ್ನು ಕಡಿಮೆ ಕೇಳಿದವು. ಅಪರಿಚಿತರ ಮಾತನ್ನು ಮಾತ್ರ ಹಾಗೆ ತಳ್ಳಿಹಾಕಲಿಲ್ಲ. ಒಂದು ವರ್ಷವಾಗುವ ಹೊತ್ತಿಗೆ ಮತ್ತೆ ಸುಧಾರಿಸಿದವು. ಮನುಷ್ಯರ ಮಕ್ಕಳ ಹದಿಹರೆಯದಂತೆಯೇ ಇದು. ಆದ್ದರಿಂದ ಐದಾರು ತಿಂಗಳ ಮರಿ ಬಹಳ ಜಾಣ ಎಂದು ಗೂಡನ್ನು ಮಾರಿಬಿಟ್ಟವರು ಮುಂದಿನ ಎರಡು ತಿಂಗಳಲ್ಲಿ ಪಶ್ಚಾತ್ತಾಪ ಪಡುವ ಸಾಧ್ಯತೆಯೇ ಹೆಚ್ಚು.

ಹಾಗಾಗಿ ಇಷ್ಟು ವಯಸ್ಸಾಯಿತು ಎಂಬುದರ ಬದಲು ಈ ನಾಲ್ಕು ವಿಷಯಗಳನ್ನು ನೋಡಬೇಕು. ಕಳೆದ ಐದಾರು ವಾರಗಳಲ್ಲಿ ಮನೆಯೊಳಗೆ ಒಮ್ಮೆಯೂ ಗಲೀಜು ಮಾಡಿಲ್ಲವೇ? ಮನೆಯವರು ಪಕ್ಕದ ಕೋಣೆಯಲ್ಲಿದ್ದು ಅರ್ಧ ಗಂಟೆ ಗಮನಿಸದಿದ್ದಾಗಲೂ ತನ್ನ ಆಟಿಕೆಯನ್ನು ಮಾತ್ರ ಕಚ್ಚುತ್ತದೆಯೇ? ಗೂಡಿನಲ್ಲಿ ಒಂಟಿಯಾಗಿದ್ದಾಗ ಹೆಚ್ಚಿನ ಹೊತ್ತು ನಿದ್ದೆ ಮಾಡುತ್ತದೆಯೇ? ಯಾರಾದರೂ ಮನೆಯಿಂದ ಹೊರಟರೆ ಸ್ವಲ್ಪ ಹೊತ್ತು ಬಾಗಿಲು ನೋಡಿ ಸುಮ್ಮನಾಗುತ್ತದೆಯೇ? ನಾಲ್ಕಕ್ಕೂ ಹೌದು ಎಂಬ ಉತ್ತರ ಬಂದರೆ ಎಂಟು ತಿಂಗಳಿನ ದೇಸಿ ನಾಯಿಯನ್ನೂ ಪರೀಕ್ಷಿಸಿ ನೋಡಬಹುದು. ಒಂದಕ್ಕೆ ಇಲ್ಲ ಎಂದಾದರೂ ಒಂದೂವರೆ ವರ್ಷದ ನಾಯಿಗೂ ಕಾಯಬೇಕು.

ಸಣ್ಣ ಸಾಲದಿಂದ ಶುರು

ಹೊಸ ಗಿರಾಕಿಗೆ ಮೊದಲ ದಿನವೇ ದೊಡ್ಡ ಸಾಲ ಕೊಡುವ ಪದ್ಧತಿ ಎಲ್ಲಿಯೂ ಇಲ್ಲ. ಸಣ್ಣ ಮೊತ್ತ ಕೊಟ್ಟು, ಕಂತು ಸರಿಯಾಗಿ ಬಂದರೆ ಮುಂದಿನದು. ನಾಯಿಯ ವಿಷಯದಲ್ಲೂ ಅದೇ ಕ್ರಮ ಒಳ್ಳೆಯದು.

ಮೊದಲಿಗೆ ಇಡೀ ಮನೆ ಬೇಡ, ಒಂದೇ ಕೋಣೆ ಸಾಕು. ಅಡುಗೆಮನೆ, ದೇವರ ಕೋಣೆ, ಬಾಲ್ಕನಿಗಳ ಬಾಗಿಲು ಮುಚ್ಚಿ, ಗೂಡನ್ನು ಅದೇ ಕೋಣೆಯಲ್ಲಿಟ್ಟು ಅದರ ಬಾಗಿಲು ತೆರೆದಿಡಬೇಕು. ಅದಕ್ಕೂ ಮುಂಚೆ ನಾಯಿಯನ್ನು ಚೆನ್ನಾಗಿ ನಡೆಸಿ, ಮಲಮೂತ್ರ ಮುಗಿಸಿ, ಹೊಟ್ಟೆಗೆ ಕೊಟ್ಟಿರಬೇಕು. ಆಮೇಲೆ ಮನೆಯವರು ಕೆಳಗೆ ಹೋಗಿ ಹಾಲು ತಂದಷ್ಟು ಹೊತ್ತು, ಅಂದರೆ ಹತ್ತು ನಿಮಿಷ ಹೊರಗಿರಬೇಕು. ಹೊರಡುವಾಗ ಮುದ್ದು ಮಾಡಿ ಬೀಳ್ಕೊಡುವುದು, ಬಂದಾಗ ಸಂಭ್ರಮಪಡುವುದು ಎರಡೂ ಬೇಡ. ಹಳೆಯ ಮೊಬೈಲ್ ಒಂದನ್ನು ಕಪಾಟಿನ ಮೇಲಿಟ್ಟು ವಿಡಿಯೋ ಮಾಡಿದರೆ ನಾಯಿ ಏನು ಮಾಡಿತು ಎಂಬುದು ಊಹೆಯಾಗಿ ಉಳಿಯುವುದಿಲ್ಲ.

ಹತ್ತು ನಿಮಿಷ ನಾಲ್ಕೈದು ಬಾರಿ ಸರಿಯಾದ ಮೇಲೆ ಅರ್ಧ ಗಂಟೆ. ಅದೂ ನಾಲ್ಕೈದು ಬಾರಿ ಸರಿಯಾದ ಮೇಲೆ ಒಂದು ಗಂಟೆ, ಎರಡು ಗಂಟೆ. ಭಾನುವಾರದ ಸಂತೆ, ಸಂಘದ ಸಭೆ, ದೇವಸ್ಥಾನ ಹೀಗೆ ದಿನಾ ಒಂದೇ ಹೊತ್ತಿಗಲ್ಲದೆ ಬೇರೆ ಬೇರೆ ಹೊತ್ತಿಗೆ ಹೋಗಿ ಬರುವುದು ಉತ್ತಮ. ಸಮಯ ಹೆಚ್ಚಿಸುವ ದಿನ ಜಾಗವನ್ನು ಹೆಚ್ಚಿಸಬಾರದು, ಜಾಗ ಹೆಚ್ಚಿಸುವ ದಿನ ಸಮಯವನ್ನು ಕಡಿಮೆ ಮಾಡಬೇಕು. ಒಂದು ಚೀಟಿಯ ಮೇಲೆ ದಿನಾಂಕ, ಎಷ್ಟು ನಿಮಿಷ, ಏನಾಯಿತು ಎಂದು ಬರೆದಿಟ್ಟರೆ ಗಂಡ ಹೆಂಡತಿಯ ನಡುವೆ "ನಿನ್ನೆ ಏನೂ ಮಾಡಿರಲಿಲ್ಲ", "ಮಾಡಿತ್ತು" ಎಂಬ ವಾದ ಬರುವುದಿಲ್ಲ.

ಒಂದು ದಿನ ದಿಂಬು ಹರಿದರೆ? ಒಂದು ಮೆಟ್ಟಿಲು ಕೆಳಗಿಳಿಯಬೇಕು, ಅಷ್ಟೇ. ಎರಡು ಗಂಟೆಯಿಂದ ಒಂದು ಗಂಟೆಗೆ. ಸಂಜೆ ಬಂದು ಬೈಯುವುದರಿಂದ ಪ್ರಯೋಜನವಿಲ್ಲ. ಮಧ್ಯಾಹ್ನ ಹರಿದ ದಿಂಬಿಗೂ ಸಂಜೆಯ ಬೈಗುಳಕ್ಕೂ ನಾಯಿ ಸಂಬಂಧ ಕಲ್ಪಿಸಿಕೊಳ್ಳುವುದಿಲ್ಲ. "ತಪ್ಪು ಮಾಡಿದ್ದು ಗೊತ್ತಿದೆ, ಮುಖ ನೋಡಿ" ಎಂದು ಎಲ್ಲರೂ ಹೇಳುವುದುಂಟು. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಅಮೆರಿಕದ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ತಿನ್ನಬಾರದೆಂದಿದ್ದ ತಿಂಡಿಯನ್ನು ತಿಂದ ನಾಯಿಗಳೂ, ತಿನ್ನದ ನಾಯಿಗಳೂ ಮಾಲೀಕರು ಗದರಿಸಿದಾಗ ಅದೇ ತಪ್ಪಿತಸ್ಥ ಮುಖವನ್ನು ತೋರಿಸಿದವು. ಆ ಮುಖ ಪಶ್ಚಾತ್ತಾಪದ್ದಲ್ಲ, ಯಜಮಾನನ ದನಿಗೆ ಹೆದರಿದ್ದು.

ಹಾಳು ಮಾಡುವುದು ಬೇರೆ, ಹೆದರುವುದು ಬೇರೆ

ವಿಡಿಯೋ ನೋಡುವಾಗ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಬೇಸರಕ್ಕೆ ಹಾಳು ಮಾಡುವ ನಾಯಿ ಒಂದಷ್ಟು ಹೊತ್ತು ಮಲಗಿ, ಎದ್ದು, ಚಪ್ಪಲಿ ಹುಡುಕಿ ಆರಾಮವಾಗಿ ಕಡಿಯುತ್ತದೆ. ಅದಕ್ಕೆ ಬೇಕಾದದ್ದು ಹೆಚ್ಚು ನಡಿಗೆ, ಕಡಿಯಲು ಗಟ್ಟಿ ಆಟಿಕೆ, ಜೊತೆಗೆ ಚಪ್ಪಲಿ ಎತ್ತಿಡುವ ಅಭ್ಯಾಸ. ಒಂಟಿತನಕ್ಕೆ ಹೆದರುವ ನಾಯಿ ಹಾಗಲ್ಲ. ಮನೆಯವರು ಹೊರಟ ಮೊದಲ ಅರ್ಧ ಗಂಟೆಯೊಳಗೇ ಬಾಗಿಲನ್ನು ಕೆರೆಯುತ್ತದೆ, ಊಳಿಡುತ್ತದೆ, ಜೊಲ್ಲು ಸುರಿಸುತ್ತದೆ, ಅದುವರೆಗೆ ಶುಚಿಯಾಗಿದ್ದುದು ಹಾಲ್ ಮಧ್ಯೆಯೇ ಮೂತ್ರ ಮಾಡುತ್ತದೆ, ಇಟ್ಟ ತಿಂಡಿ ಮೂಸಿಯೂ ನೋಡುವುದಿಲ್ಲ.

ಎರಡನೆಯ ತರಹದ ನಾಯಿಯನ್ನು ಮತ್ತೆ ಗೂಡಿಗೆ ಹಾಕುವುದು ಪರಿಹಾರವಲ್ಲ. ತಂತಿ ಕಚ್ಚಿ ಹಲ್ಲು ಮುರಿದುಕೊಳ್ಳುವುದು, ಉಗುರು ಕಿತ್ತುಕೊಳ್ಳುವುದು ಇಂತಹ ನಾಯಿಗಳೇ. ಇದು ಹಟವಲ್ಲ, ಒಂದು ಬಗೆಯ ಕಾಯಿಲೆ. ಪಶುವೈದ್ಯರಿಗೆ ಆ ವಿಡಿಯೋ ತೋರಿಸಬೇಕು. ಕೆಲವೇ ಕ್ಷಣಗಳ ಅಗಲಿಕೆಯಿಂದ ಆರಂಭಿಸಿ ನಿಧಾನವಾಗಿ ಒಗ್ಗಿಸುವ ತರಬೇತಿ, ಬೇಕಾದರೆ ಔಷಧಿ ಎರಡೂ ಇವೆ. ಅಲ್ಲಿಯವರೆಗೆ ಯಾರಾದರೊಬ್ಬರು ಜೊತೆಯಲ್ಲಿರುವ ಏರ್ಪಾಡು ಮಾಡಿಕೊಳ್ಳಬೇಕು.

ಮನೆಯೂ ಸಿದ್ಧವಾಗಬೇಕು

ನಾಯಿ ಸಿದ್ಧವಾದರೆ ಸಾಲದು. ನಮ್ಮ ಮನೆಗಳಲ್ಲಿ ಅದಕ್ಕೆ ಅಪಾಯ ತರುವ ವಸ್ತುಗಳು ಹೇರಳ. ದೇವರ ಮುಂದೆ ಉರಿಯುವ ದೀಪವನ್ನು ಹೊರಡುವ ಮುನ್ನ ಶಾಂತ ಮಾಡಬೇಕು. ತುಪ್ಪದಲ್ಲಿ ಅದ್ದಿದ ಬತ್ತಿಯ ವಾಸನೆಗೆ ನಾಯಿ ಹೋಗಿಯೇ ಹೋಗುತ್ತದೆ. ಪ್ರಸಾದದ ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಕಪಾಟಿನ ನ್ಯಾಫ್ತಲೀನ್ ಗುಳಿಗೆ, ಇಲಿಪಾಷಾಣ ಇವೂ ಅಪಾಯಕಾರಿ. ಊರಿನಿಂದ ಹಿರಿಯರು ಬಂದಿದ್ದರೆ ದಿಂಬಿನ ಪಕ್ಕದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು, ನೋವಿನ ಮಾತ್ರೆಗಳು ಡ್ರಾಯರಿಗೆ ಹೋಗಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಪುಣೆಯ ಮನೆಮನೆಗೂ ಹಾಪುಸ್ ಮಾವಿನ ಪೆಟ್ಟಿಗೆ ಬರುತ್ತದೆ. ಕಸದ ಬುಟ್ಟಿಯಿಂದ ನಾಯಿ ಎತ್ತಿಕೊಂಡ ಮಾವಿನ ಗೊರಟೆ ಅಥವಾ ಜೋಳದ ತೆನೆಯ ದಿಂಡು ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್ ಮಾಡಿಯೇ ತೆಗೆಯಬೇಕಾದೀತು. ಕಸದ ಬುಟ್ಟಿಗೆ ಮುಚ್ಚಳ ಸಾಲದು, ಅದು ಬಾಗಿಲು ಹಾಕಿದ ಕೋಣೆಯಲ್ಲಿರಬೇಕು. ಮೊಬೈಲ್ ಚಾರ್ಜರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆಗಳ ಪ್ಲಗ್ ತೆಗೆದಿಡಬೇಕು. ಬಾಲ್ಕನಿಗೆ ಜಾಳಿ ಇಲ್ಲದಿದ್ದರೆ ಅದರ ಬಾಗಿಲಿಗೆ ಚಿಲಕ ಹಾಕಲೇಬೇಕು.

ಬಾಲ್ಕನಿಯ ಮಾತು ಬಂದಾಗ ಮುಧೋಳ ನಾಯಿಯ ಬಗ್ಗೆ ವಿಶೇಷವಾಗಿ ಹೇಳಬೇಕಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ಈ ತಳಿ ಕನ್ನಡಿಗರ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಅಂಚೆಚೀಟಿ ಹೊರತಂದಾಗ ಅದರಲ್ಲಿ ಮುಧೋಳವೂ ಇತ್ತು. 2020ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿಗಳು ಮನ್ ಕಿ ಬಾತ್ ಕಾರ್ಯಕ್ರಮದಲ್ಲಿ ಇದನ್ನು ಹೆಸರಿಸಿದ ಮೇಲೆ ಬೇಡಿಕೆಯೂ ಹೆಚ್ಚಿತು. ಮಹಾರಾಷ್ಟ್ರದವರು ಕಾರವಾನ್ ಎಂದು ಕರೆಯುವುದೂ ಇದನ್ನೇ. ಆದರೆ ಇದು ದಖ್ಖಣದ ಬಯಲಿನಲ್ಲಿ ಮೊಲದ ಬೆನ್ನಟ್ಟಲು ಬೆಳೆಸಿದ ನಾಯಿ. ಮೂಗಿಗಿಂತ ಕಣ್ಣಿನಿಂದ ಬೇಟೆ ಹಿಡಿಯುತ್ತದೆ. ನಾಲ್ಕನೆಯ ಮಹಡಿಯ ಬಾಲ್ಕನಿಯಿಂದ ಬೆಕ್ಕೋ ಪಾರಿವಾಳವೋ ಕಂಡರೆ ಎತ್ತರದ ಪರಿವೆ ಅದಕ್ಕಿರುವುದಿಲ್ಲ. ದಿನಕ್ಕೆರಡು ಬಾರಿ ಮನಸಾರೆ ಓಡಿಸಿದ ಮುಧೋಳ ಮನೆಯೊಳಗೆ ಬಹಳ ಶಾಂತ, ಹಗಲೆಲ್ಲ ಮಲಗಿಯೇ ಇರುತ್ತದೆ. ಓಡಿಸದಿದ್ದರೆ ಅದನ್ನು ಗೂಡಿನಲ್ಲಿಟ್ಟರೂ ಕಷ್ಟ, ಬಿಟ್ಟರೂ ಕಷ್ಟ. ಊರಿನ ಅಭಿಮಾನದಿಂದ ಮುಧೋಳ ಮರಿ ತರುವವರು ಮೊದಲು ಮನೆಯ ಹತ್ತಿರ ಓಡಿಸಲು ಜಾಗ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಹಬ್ಬದ ದಿನಗಳಲ್ಲಿ ಪರೀಕ್ಷೆ ಬೇಡ

ಪುಣೆಯಲ್ಲಿ ಯಾವ ತಿಂಗಳಲ್ಲಿ ಶುರು ಮಾಡುವುದು ಎಂಬುದೂ ಮುಖ್ಯ. ಗಣೇಶೋತ್ಸವಕ್ಕೆ ವಾರಗಳ ಮುಂಚಿನಿಂದಲೇ ಢೋಲ್-ತಾಶಾ ಪಥಕಗಳ ಅಭ್ಯಾಸ ನದಿಯ ದಂಡೆಯಲ್ಲಿ, ಮೈದಾನಗಳಲ್ಲಿ ನಡೆಯುತ್ತದೆ. ವಿಸರ್ಜನೆಯ ಮೆರವಣಿಗೆ ಇಪ್ಪತ್ತನಾಲ್ಕು ಗಂಟೆ ಮೀರಿ ಸಾಗುವುದುಂಟು. ಅದಾದ ಮೇಲೆ ದೀಪಾವಳಿಯ ಪಟಾಕಿ. ನಾಯಿಯ ಕಿವಿಗೆ ಮನುಷ್ಯರಿಗೆ ಕೇಳಿಸದ ಶಬ್ದವೂ ಕೇಳಿಸುತ್ತದೆ. ಮೊದಲ ಬಾರಿ ಒಂಟಿಯಾಗಿ ಬಿಟ್ಟ ದಿನವೇ ಕಿಟಕಿಯ ಕೆಳಗೆ ಢೋಲ್ ಬಾರಿಸಿದರೆ, ಒಂಟಿತನಕ್ಕೂ ಆ ಸದ್ದಿಗೂ ಗಂಟು ಬಿದ್ದು ಅದನ್ನು ಬಿಡಿಸಲು ತಿಂಗಳುಗಳೇ ಬೇಕಾಗುತ್ತವೆ. ಇಂತಹ ದಿನಗಳಲ್ಲಿ ಒಬ್ಬರು ಮನೆಯಲ್ಲಿರುವುದೇ ಕ್ಷೇಮ. ಗೂಡಿನ ಮೇಲೆ ದಪ್ಪ ಚಾದರ ಹೊದಿಸಿ, ಗಾಳಿಗೆ ಒಂದು ಬದಿ ಬಿಟ್ಟು, ಬಾಗಿಲು ತೆರೆದಿಟ್ಟರೆ ಹೆದರಿದ ನಾಯಿಗೆ ಅದೇ ಆಶ್ರಯ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ಸಮೀಪಿಸುವಾಗ ಕರೆಂಟ್ ಹೋದರೆ ಗೂಡಿನಲ್ಲಿ ಬೀಗ ಹಾಕಿದ ನಾಯಿ ತಂಪು ನೆಲ ಹುಡುಕಿಕೊಂಡು ಹೋಗಲಾರದು ಎಂಬುದನ್ನೂ ಮರೆಯಬಾರದು.

ಸೊಸೈಟಿ ಮತ್ತು ನೆರೆಮನೆ

ಗೂಡು ಬಿಡಿಸಿದ ಮೊದಲ ವಾರಗಳಲ್ಲಿ ನಾಯಿ ಬೊಗಳುವುದು ಸಹಜ, ನೆರೆಯವರು ದೂರುವುದೂ ಸಹಜ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಸತಿ ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ. ಅದೇ ಮಾರ್ಗಸೂಚಿಯಲ್ಲಿ ನಾಯಿ ಇತರರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಸಾಕಿದವರಿಗೆ ನೆನಪಿಸಲಾಗಿದೆ. ಆದ್ದರಿಂದ ಪರೀಕ್ಷೆ ಆರಂಭಿಸುವ ಮೊದಲೇ ಎದುರು ಮನೆಯವರಿಗೆ, ಕೆಳಗಿನ ಮನೆಯವರಿಗೆ ಒಂದು ಮಾತು ಹೇಳಿ, ಫೋನ್ ನಂಬರ್ ಕೊಟ್ಟಿಡುವುದು ಜಾಣತನ. "ಎಷ್ಟು ಹೊತ್ತು ಬೊಗಳಿತು ದಯವಿಟ್ಟು ತಿಳಿಸಿ" ಎಂದು ಮೊದಲೇ ಕೇಳಿಕೊಂಡವರ ಮೇಲೆ ಸೊಸೈಟಿ ಕಚೇರಿಗೆ ದೂರು ಹೋಗುವುದು ಕಡಿಮೆ. ಪುಣೆ ಮಹಾನಗರ ಪಾಲಿಕೆಯ ಪರವಾನಗಿ ಮತ್ತು ರೇಬಿಸ್ ಲಸಿಕೆಯ ದಾಖಲೆ ಕೈಯಲ್ಲಿದ್ದರೆ ಮಾತುಕತೆಯೂ ಸುಲಭ.

ಮನೆಗೆಲಸದ ಮಾವಶಿ ಬರುವ ಮನೆಯಾದರೆ ಅವರಿಗೂ ತಿಳಿಸಿರಬೇಕು. ಬಾಗಿಲು ತೆರೆದ ಕೂಡಲೇ ಸಡಿಲವಾಗಿರುವ ನಾಯಿ ಮೆಟ್ಟಿಲಿಳಿದು ರಸ್ತೆಗೆ ಓಡಿದರೆ ಆ ಬಡ ಹೆಂಗಸು ಏನು ಮಾಡಬೇಕು? ಸೇಫ್ಟಿ ಡೋರ್ ಮುಚ್ಚಿಯೇ ಒಳಬಾಗಿಲು ತೆರೆಯುವ ಅಭ್ಯಾಸವನ್ನು ಎಲ್ಲರೂ ಮಾಡಿಕೊಳ್ಳಬೇಕು.

ಒಂಬತ್ತು ಗಂಟೆಗೆ ದಾರಿ ಏನು?

ಇಷ್ಟೆಲ್ಲ ಆದ ಮೇಲೂ ಮೂಲ ಪ್ರಶ್ನೆ ಉಳಿಯುತ್ತದೆ. ಗೂಡಿಲ್ಲದೆ ಇರಲು ಕಲಿತ ನಾಯಿಯೂ ಒಂಬತ್ತು ಹತ್ತು ಗಂಟೆ ಒಂಟಿಯಾಗಿ, ಹೊರಗೆ ಹೋಗದೆ ಇರಬೇಕೇ? ಸಾಮಾನ್ಯ ದಿನಗಳಲ್ಲಿ ನಾಲ್ಕೈದು ಗಂಟೆಗೊಮ್ಮೆ ಯಾರಾದರೂ ಬಂದು ಹತ್ತಿಪ್ಪತ್ತು ನಿಮಿಷ ಕೆಳಗೆ ಕರೆದುಕೊಂಡು ಹೋಗುವಂತಾಗಬೇಕು. ನಾಯಿ ನಡೆಸುವವರು, ಹಗಲು ನೋಡಿಕೊಳ್ಳುವ ಕೇಂದ್ರಗಳು ಪುಣೆಯಲ್ಲಿವೆ, ಆದರೆ ಎಲ್ಲರ ಸಂಬಳಕ್ಕೂ ಅವು ನಿಲುಕುವಂಥವಲ್ಲ.

ಇಲ್ಲಿ ಕನ್ನಡ ಸಂಘಟನೆಗಳ ಸದಸ್ಯರು ಪರಸ್ಪರ ನೆರವಾಗಬಹುದು. ಬಾಡಿಗೆ ಮನೆ ಹುಡುಕುವುದರಿಂದ ಹಿಡಿದು ಮದುವೆ ಸಂಬಂಧದವರೆಗೆ ಸಂಘದ ಪರಿಚಯಗಳು ಉಪಯೋಗಕ್ಕೆ ಬರುತ್ತವೆ. ಅದೇ ಬಡಾವಣೆಯಲ್ಲಿ ನಿವೃತ್ತರಾದ ಕನ್ನಡಿಗರೊಬ್ಬರು ಮಧ್ಯಾಹ್ನ ಹೇಗೂ ತಿರುಗಾಡಲು ಹೊರಡುತ್ತಾರೆ. ಮೊಮ್ಮಕ್ಕಳು ದೂರವಿರುವ ಹಿರಿಯ ದಂಪತಿಗೆ ನಾಯಿ ಸಾಕುವಷ್ಟು ಶಕ್ತಿ ಇಲ್ಲದಿದ್ದರೂ ಒಂದು ಗಂಟೆ ಜೊತೆಗಿರಲು ಮನಸ್ಸಿರುತ್ತದೆ. ಇಬ್ಬರು ನಾಯಿ ಸಾಕಿದವರು ಹತ್ತಿರದಲ್ಲಿದ್ದರೆ ಮನೆಯಿಂದ ಕೆಲಸ ಮಾಡುವ ದಿನಗಳನ್ನು ಬೇರೆ ಬೇರೆ ಇಟ್ಟುಕೊಂಡು ಒಬ್ಬರ ನಾಯಿಯನ್ನು ಮತ್ತೊಬ್ಬರು ನೋಡಿಕೊಳ್ಳಬಹುದು. ಊರಿಗೆ ಹೋಗುವಾಗಲೂ ಇದೇ ಏರ್ಪಾಡು ಕೈಹಿಡಿಯುತ್ತದೆ. ಬೀಗದ ಕೈ ಕೊಡುವಷ್ಟು ನಂಬಿಕೆ ಇರುವಲ್ಲಿ ಮಾತ್ರ ಇದು ಸಾಧ್ಯ, ಅಂತಹ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಉಳಿದಿದೆ.

ಯಾವ ಏರ್ಪಾಡೂ ಆಗದ ಮನೆಗಳೂ ಇವೆ. ಅಂತಹವರು ಎಂಟು ವಾರದ ಮರಿಯ ಬದಲು ಎರಡು ಮೂರು ವರ್ಷದ, ಒಂಟಿಯಾಗಿರಲು ಈಗಾಗಲೇ ಕಲಿತ ನಾಯಿಯನ್ನು ಆಶ್ರಯ ಕೇಂದ್ರದಿಂದ ದತ್ತು ತೆಗೆದುಕೊಳ್ಳುವ ಬಗ್ಗೆ ಯೋಚಿಸಬಹುದು. ಅದೂ ಆಗದಿದ್ದರೆ ಕೆಲವು ವರ್ಷ ತಡೆಯುವುದು ಮಕ್ಕಳ ಕಣ್ಣಿಗೆ ನೀರು ತರಿಸಿದರೂ ನಾಯಿಗೆ ಒಳಿತು.

ಕೊನೆಯದಾಗಿ, ಗೂಡು ಬೇಡವಾದ ದಿನ ಅದನ್ನು ಭಂಗಾರ್‌ವಾಲಾನಿಗೆ ಕೊಟ್ಟುಬಿಡುವುದು ಬೇಡ. ಆಪರೇಷನ್ ಆದ ಮೇಲಿನ ವಿಶ್ರಾಂತಿಗೆ, ಕಾರಿನಲ್ಲಿ ಊರಿಗೆ ಹೋಗುವಾಗ, ಮನೆಗೆ ಹೆದರುವ ಅತಿಥಿಗಳು ಬಂದಾಗ, ಪಟಾಕಿಯ ರಾತ್ರಿಗಳಲ್ಲಿ ಅದು ಮತ್ತೆ ಬೇಕಾಗುತ್ತದೆ. ಬಾಗಿಲನ್ನು ಕಳಚಿ ಮೂಲೆಯಲ್ಲಿಟ್ಟರೆ ಸಾಕು. ಎಷ್ಟೋ ನಾಯಿಗಳು ಇಡೀ ಮನೆ ತಮ್ಮದಾದ ಮೇಲೂ ಮಧ್ಯಾಹ್ನದ ನಿದ್ದೆಗೆ ಅಲ್ಲಿಗೇ ಹೋಗುತ್ತವೆ. ಮರಿ ಸಾಕಿರುವ ಮನೆಗಳು ಈ ಭಾನುವಾರವೇ ಹತ್ತು ನಿಮಿಷದ ಮೊದಲ ಪರೀಕ್ಷೆ ಮಾಡಿ, ಚೀಟಿಯಲ್ಲಿ ಬರೆದಿಡಲು ಆರಂಭಿಸಬಹುದು.